ಕೊನೆಯ ಪುಟದ ಬಿಳಿ ಕುದುರೆ

ಮಧುಶ್ರೀ ಪುಟ ತಿರುಗಿಸಿದ್ದೇ ತಡ, ಅದರ ಮೂಲೆ ಸುಟ್ಟ ಹಪ್ಪಳದಂತೆ ಲಟಕ್ಕೆಂದು ಮುರಿದು ಬೆರಳಲ್ಲೇ ಉಳಿಯಿತು. ಮುರಿದ ಚೂರಿನಲ್ಲಿ ಬಿಳಿ ಕುದುರೆಯ ಒಂದು ಗೊರಸಿತ್ತು. ಚಿಕ್ಕಂದಿನಿಂದ ಅವಳಿಗೆ ಉಳಿದಿದ್ದು ಇದೊಂದೇ ಕಾಮಿಕ್ಸ್. ಅದು ಪುಡಿಯಾಗಿ ಹೋಗುವ ಮೊದಲು ಪುಟಪುಟವನ್ನೂ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬೇಕೆಂದೇ ಕೆ.ಆರ್. ನಗರದಿಂದ ಹುಣಸೂರಿನ ಪಕ್ಕದ ತವರಿಗೆ ಬಂದಿದ್ದಳು.

ತಯಾರಿಯಲ್ಲಿ ಏನೂ ಕೊರತೆಯಿರಲಿಲ್ಲ, ವಿಡಿಯೊ ನೋಡಿ ಎಲ್ಲ ಕಲಿತಿದ್ದಳು. ತುಕ್ಕು ಹಿಡಿದ ಪಿನ್ನು ಕೀಳಬಾರದು. ಪುಸ್ತಕವನ್ನು ಪೂರ್ತಿ ಅಗಲಿಸದೆ, ಟವೆಲ್ ಸುತ್ತಿದ ಇಟ್ಟಿಗೆಗೆ ಒರಗಿಸಿ ಅರ್ಧ ಮಾತ್ರ ತೆರೆಯಬೇಕು. ಪುಟದ ಮೇಲೆ ಗಾಜು ಇಟ್ಟು, ಹೊಳಪು ಹೊಡೆಯದ ಹಾಗೆ ಎರಡೂ ಪಕ್ಕದಿಂದ ದೀಪ ಬಿಡಬೇಕು. ಗಾಜು ಬೇಕೆಂದು ದೊಡ್ಡಮ್ಮನ ಮದುವೆ ಫೋಟೊ ಗೋಡೆಯಿಂದ ಇಳಿದು ಬರಬೇಕಾಯಿತು. ಇಷ್ಟೆಲ್ಲ ಮಾಡಿದರೂ ಒಣಗಿದ ಕಾಗದಕ್ಕೆ ಏನು ಮಾಡಬೇಕೆಂದು ಆ ವಿಡಿಯೊದವನು ಬಾಯಿ ಬಿಟ್ಟಿರಲಿಲ್ಲ.

“ಬೆಂದ ಸೊಪ್ನ ಬ್ಯಾರನ್ನಿಂದ ಅಂಗೇ ಈಚೆಗೆ ತೆಗೀತೀವಾ?” ಎಂದಳು ಬಾಗಿಲಲ್ಲಿ ಕೂತಿದ್ದ ದೊಡ್ಡಮ್ಮ, ಹಿತ್ತಲಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯತ್ತ ಕೈ ತೋರಿಸಿ. ಹೆಸರು ಚಿಕ್ಕಬೀರಮ್ಮ. ತಾಯಿಯಿಲ್ಲದ ಮಧುಶ್ರೀಯನ್ನು ಸಾಕಿದವಳು ಅವಳೇ. “ಬಾಗ್ಲು ತೆಗ್ದು ರಾತ್ರಿಯೆಲ್ಲ ತಣ್ಣನ್ ಗಾಳಿ ಕುಡಿಸ್ತೀವಿ. ಆಮ್ಯಾಕೆ ಮುಟ್ಟುದ್ರೆ ಬಟ್ಟೆ ಇದ್ದಂಗಿರ್ತದೆ. ಇದ್ಕೂ ಅಂಗೇ ಮಾಡು.”

“ಇದೇನು ಹೊಗೆಸೊಪ್ಪಾ ದೊಡ್ಡಮ್ಮ?”

“ಅಲ್ದೆ ಇದ್ರೇನು? ಒಣಗಿದ್ದು ಯಾವ್ದಾದ್ರೂ ತಂಪು ಬೇಡ್ತದೆ ಕಣವ್ವ.”

ಬೇರೆ ದಾರಿಯಿರಲಿಲ್ಲ. ಟ್ರಂಕಿನ ತಳಕ್ಕೆ ಒದ್ದೆ ಗೋಣಿ ಹಾಸಿ, ಮೇಲೆ ಜರಡಿಯಲ್ಲಿ ಕಾಮಿಕ್ಸ್ ಮಲಗಿಸಿ, ಮುಚ್ಚಳ ಹಾಕಿದರು. ಬೆಳಿಗ್ಗೆ ತೆರೆದಾಗ ಊರಿಗೆಲ್ಲ ಮಂಜು ಕವಿದಿತ್ತು. ಪುಟಗಳು ಹಳೆಯ ಸೀರೆಯ ಸೆರಗಿನ ಹಾಗೆ ಮೆತ್ತಗಾಗಿದ್ದವು. ಒಂದೊಂದೇ ಪುಟ ಗಾಜಿನ ಕೆಳಗೆ ಬಂತು, ಫೋನು ಕಣ್ಣು ಮಿಟುಕಿಸಿತು. ಹುಡುಗನನ್ನು ಹೊತ್ತ ಬಿಳಿ ಕುದುರೆ ಬೆಟ್ಟ ಹತ್ತಿತು, ಕಾಡು ದಾಟಿತು, ಕೊನೆಗೆ ಉಕ್ಕುವ ಹೊಳೆಗೆ ನೆಗೆಯಿತು. ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಮುಂದಿನ ಪುಟವನ್ನು ಯಾರೋ ಹರಿದಿದ್ದಾರೆಂದು ಮಧುಶ್ರೀ ಇಷ್ಟು ವರ್ಷ ನಂಬಿದ್ದಳು.

ಆ ಪುಟ ಇಲ್ಲದಿದ್ದಕ್ಕೆ ಅವಳಿಗೇನೂ ಬೇಸರವಿರಲಿಲ್ಲ. ಸಂಜೆಯಾದರೆ ದೊಡ್ಡಮ್ಮನ ತೊಡೆಯೇರಿ “ಆಮೇಲೆ?” ಎಂದರೆ ಸಾಕಿತ್ತು, ಅವಳೇ ಕಥೆ ಮುಂದುವರಿಸುತ್ತಿದ್ದಳು. ಕುದುರೆ ಒಂದು ದಿನ ಹುಣಸೂರಿನ ಸೇತುವೆ ಹತ್ತಿರ ಲಕ್ಷ್ಮಣತೀರ್ಥದಿಂದ ಎದ್ದು, ಮೈ ಕೊಡವಿ, ಮಡಿಕೇರಿ ಬಸ್ಸಿನ ಟಾಪು ಹತ್ತುತ್ತಿತ್ತು. ಇನ್ನೊಂದು ದಿನ ಅಂತರಸಂತೆಯ ಕಾಡಂಚಿನಲ್ಲಿ ಆನೆಮರಿಗಳ ನಡುವೆ ಹುಲ್ಲು ಮೇಯುತ್ತಿತ್ತು. ಹುಣ್ಣಿಮೆಯ ದಿನ ಬ್ಯಾರನ್ನಿನ ಸೂರು ಹತ್ತಿ ಚಂದ್ರನಿಗೆ ಹಾರುತ್ತಿತ್ತು. ಅದು ಹೋಗದ ಜಾಗವೇ ಇರಲಿಲ್ಲ. ಅವ್ವ ಹೋದಲ್ಲಿಗೂ ಹೋಗಿ ಮಾತಾಡಿಸಿಕೊಂಡು ಬಂದಿರಬೇಕೆಂದು ಮಧುಶ್ರೀ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು.

ಈಗ ಹಿಂದಿನ ರಟ್ಟಿಗೆ ಗಾಜಿಡಲು ಹೋದಾಗ ಅದರ ಒಳಮೈ ಉಬ್ಬಿಕೊಂಡಿತ್ತು. “ದೊಡ್ಡಮ್ಮ, ಇಲ್ಲಿ ಹಾಳೆ ಅಂಟ್ಕೊಂಡಿದೆ! ಕೊನೇ ಪುಟ ಹರ್ದೇ ಇಲ್ಲ, ಇಲ್ಲೇ ಇದೆ!”

ದೊಡ್ಡಮ್ಮ ದಡಕ್ಕನೆ ಎದ್ದಳು. “ಬುಡು ಕಣವ್ವ. ಅದ್ನ ಬುಡಿಸ್ಬ್ಯಾಡ.”

“ಯಾಕೆ?”

“ನಾನೇ ಅಂಟ್ಸಿದ್ದು, ರಾಗಿ ಅಂಬ್ಲಿ ಬಳ್ದು.” ದೊಡ್ಡಮ್ಮನ ದನಿ ಇಳಿಯಿತು. “ನಿಮ್ಮವ್ವ ತೀರ್ಕೊಂಡ ವರ್ಸ. ನಿಮ್ಮಪ್ಪ ಇದ್ನ ತಂದಾಗ ನೀನು ಮಲ್ಗಿದ್ದೆ, ನಾನೇ ಮೊದ್ಲು ಪಟ ನೋಡ್ದೆ. ಕೊನೇಲಿ ಆ ಕುದ್ರೆ ಸತ್ತೋಗ್ಯದೆ ಕಣವ್ವ. ಅದೂ ಯಾಕೆ ಓಯ್ತು ಅಂತ ನೀನು ಕೇಳುದ್ರೆ ನಾನೇನು ಏಳ್ಳಿ?”

ಮಧುಶ್ರೀಗೆ ಹಾಗೇ ಮುಚ್ಚಿಡೋಣ ಅನ್ನಿಸಿತು. ಆದರೆ ರಾತ್ರಿಯೆಲ್ಲ ತಂಪು ಕುಡಿದ ಅಂಟು ಯಾರ ಅಪ್ಪಣೆಗೂ ಕಾಯಲಿಲ್ಲ. ಹಾಳೆ ತಾನಾಗಿಯೇ ಮೆಲ್ಲಗೆ ಮೇಲೆದ್ದಿತು. ದೊಡ್ಡಮ್ಮ ಮುಖ ತಿರುಗಿಸಿದಳು.

ಮರಳ ಮೇಲೆ ಕುದುರೆ ಕಾಲು ಚಾಚಿ ಬಿದ್ದಿತ್ತು. ಕಣ್ಣು ಮುಚ್ಚಿತ್ತು. ಹುಡುಗ ಅದರ ಕುತ್ತಿಗೆಗೆ ಕೆನ್ನೆಯಿಟ್ಟು, ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದ. ಸುತ್ತಲೂ ಊರಿನವರು ತಲೆ ತಗ್ಗಿಸಿ ನಿಂತಿದ್ದರು. ಹುಡುಗನ ತಲೆಯ ಮೇಲೆ, ದೊಡ್ಡಮ್ಮ ಎಂದೂ ಕಲಿಯದ ಅಕ್ಷರಗಳಲ್ಲಿ, ಒಂದು ಮಾತಿತ್ತು.

“ದೊಡ್ಡಮ್ಮ, ಕೇಳು. ‘ಶ್! ಯಾರೂ ಮಾತಾಡಬೇಡಿ. ರಾತ್ರಿಯೆಲ್ಲ ಈಜಿ ದಣಿದಿದೆ. ಈಗ ಮಲಗಿದೆ.’ ಅಂತ ಬರ್ದವ್ರೆ.”

ದೊಡ್ಡಮ್ಮ ತಿರುಗಲಿಲ್ಲ. “ಇನ್ನೊಂದ್ಸಲ ಓದು.”

ಮಧುಶ್ರೀ ಇನ್ನೊಮ್ಮೆ ಓದಿದಳು.

“ಮಲ್ಗ್ಯದಾ?”

“ಮಲ್ಗ್ಯದೆ.”

“ಅಯ್ಯೋ ನನ್ ಮನೆ ಆಳಾಗ! ಇಷ್ಟು ವರ್ಸ ನಾನೊಬ್ಳೇ ಕದ್ದು ಅತ್ನಲ್ಲೇ ಅದ್ಕೆ,” ಎಂದು ದೊಡ್ಡಮ್ಮ ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು ಮಧುಶ್ರೀಗೆ. ಈ ಹೆಂಗಸಿಗೆ ನಾಲ್ಕಕ್ಷರ ಬಂದಿದ್ದರೆ ಕುದುರೆ ಮರಳಿನಲ್ಲೇ ಮಲಗಿಬಿಡುತ್ತಿತ್ತು, ಹುಣಸೂರಿಗೆ ಬರುತ್ತಲೇ ಇರಲಿಲ್ಲ. ಅವಳು ಪುಟದ ಮೇಲೆ ಗಾಜಿಟ್ಟು, ಫೋನು ಕೈಗೆತ್ತಿಕೊಂಡು, ದೀಪ ಹಚ್ಚಿದಳು.

ದೊಡ್ಡಮ್ಮ ಹತ್ತಿರ ಬಂದು ದೀಪಕ್ಕೆ ಅಂಗೈ ಅಡ್ಡ ಹಿಡಿದಳು. “ಮೆತ್ತಗೆ ಕಣವ್ವ,” ಎಂದಳು ಪಿಸುದನಿಯಲ್ಲಿ, “ಬೆಳ್ಕು ಅದ್ರ ಕಣ್ಗೆ ಒಡೀತದೆ.”