ಸೋಸಿದ ನೀರು

"ನೀರ ಸೋಸೀನೋ ಇಲ್ಲೋ?" ಚಂಪಾಬಾಯಿ ಗೋಡೆಯನ್ನು ನೋಡಿಕೊಂಡು ತನ್ನನ್ನೇ ಕೇಳಿಕೊಂಡಳು. ತುಂಬಿದ ತಂಬಿಗೆ ಕೈಯಲ್ಲೇ ಇತ್ತು. ಸೋಸಿದ ಬಟ್ಟೆ ಕೊಡದ ಬಾಯಿಗೆ ಇನ್ನೂ ಹಸಿಯಾಗಿ ಅಂಟಿತ್ತು. ಯಾವುದೋ ಸಣ್ಣ ಜೀವ ಉಳಿದಿದ್ದರೆ ಎಂಬ ಅಳುಕಿನಲ್ಲಿ ಸೋಸಿದ್ದನ್ನೇ ಸೋಸುತ್ತ ಹೊತ್ತು ಮುಳುಗಿಸಿಕೊಂಡು, ಬಾಯಾರಿಯೇ ಮಲಗಿದ್ದು ಎಷ್ಟೋ ಸಲ. ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಅವಳು ಹನಿ ನೀರೂ ಮುಟ್ಟುವವಳಲ್ಲ.

ಮನೆಯವರೆಲ್ಲ ಭಕ್ತಿ ಎಂದುಕೊಂಡಿದ್ದನ್ನು ಚಿಕ್ಕೋಡಿಯ ಡಾಕ್ಟರಬಾಯಿ ಗೀಳು ರೋಗ ಎಂದು ಬಿಡಿಸಿ ಹೇಳಿದ್ದರು: "ಒಮ್ಮೆ ಸೋಸಂತ ಹೇಳೂದು ಧರ್ಮ. ಮತ್ತ ಮತ್ತ ಸೋಸನ್ನೂದು ರೋಗರಿ. ಗುಳಿಗಿ ತಗೋರಿ. ಅಂಜಿಕಿ ಬಂದ್ರ ಬರ್ಲಿ, ಕೈ ಮಾತ್ರ ತಡೀರಿ. ಅದು ತಾನ ಇಳೀತೈತಿ."

ಈಗಲೂ ಕೈ ಬಟ್ಟೆಯತ್ತ ಹೋಯಿತು. ಅವಳು ಕೈ ತಡೆದು ನಿಂತಳು. ಕಿಟಕಿಯಾಚೆ ಕಬ್ಬಿನ ಮೇಲೆ ಬಿಸಿಲು ಕೆಂಪಾಗತೊಡಗಿತ್ತು. ಒಳಗೆ ಬಂದ ಗಂಡ ಭರಮಪ್ಪನಿಗೆ ಆ ಒದ್ದಾಟ ನೋಡಲಾಗಲಿಲ್ಲ. ಕೊಡದ ಬಟ್ಟೆಯನ್ನು ತಾನೇ ಎತ್ತಿ ಚಾಚಿದ. "ಇನ್ನೊಮ್ಮೆ ಸೋಸಿಬಿಡ ಮಾರಾಯ್ತಿ, ನನ್ನ ಸಲುವಾಗಿ. ಮನಸಿಗೆ ಸಮಾಧಾನ ಆಗ್ಲಿ."

ಚಂಪಾಬಾಯಿ ತಂಬಿಗೆ ಎತ್ತಿ ಗಟಗಟ ಕುಡಿದಳು. ಗಲ್ಲ ಒರೆಸಿಕೊಂಡು ನಕ್ಕಳು.

"ಆ ಅರಿವಿ ನೀವ ತಲಿಗಿ ಸುತ್ಗೋರಿ. ನಾ ಸೋಸೂದಿಲ್ಲ."