ಮುಷ್ಟಿ ಕಟ್ಟಿ, ಮೇಡಂ

“ಮುಷ್ಟಿ ಕಟ್ಟಿ, ಮೇಡಂ.”

ಗೋದಾ ಹಲ್ಲು ಕಚ್ಚಿ ಬಲಗೈ ಮುಷ್ಟಿ ಕಟ್ಟಿದಳು. ಮೊಣಕೈ ಕೆಳಗಿನ ಸ್ನಾಯುವಿಗೆ ಅಂಟಿಸಿದ್ದ ತಂತಿಗಳು ನಡುಗಿದವು. ಪರದೆಯ ಮೇಲಿನ ಹಸಿರು ಗೆರೆ ಮಾತ್ರ ಮಲಗಿದಲ್ಲಿಂದ ಏಳಲಿಲ್ಲ. ದರಿದ್ರದ ಗೆರೆ!

“ಸ್ನಾಯು ಬಿಗಿಯಾದಾಗ ಒಂಚೂರು ಕರೆಂಟ್ ಹುಟ್ಟುತ್ತೆ. ಈ ಮೆಷಿನ್ ಅಳೆಯೋದು ಅದನ್ನೇ,” ಎಂದ ಟೆಕ್ನಿಷಿಯನ್ ಮಧುಸೂದನ್. “ಗೆರೆ ಆ ಕೆಂಪು ಗುರುತು ದಾಟಿದ್ರೆ ಮುಂದಿನ ಕೆಲಸ ಶುರು. ದಾಟದಿದ್ರೆ ನಾವೇನೂ ಮಾಡೋಕಾಗಲ್ಲ.”

ಪಕ್ಕದ ಕುರ್ಚಿಯಲ್ಲಿದ್ದ ಅಣ್ಣ ರಾಘವ ನಿಟ್ಟುಸಿರು ಬಿಟ್ಟ. “ಹೋಗಿದ್ದು ಹೋಯ್ತು, ಗೋದಾ. ಬಾ, ಮನೆಗೆ ಹೋಗೋಣ.”

ಅವನಿಗೇನು, ಹೇಳುತ್ತಾನೆ. ಮಲ್ಲೇಶ್ವರಂ ಎಂಟನೇ ಕ್ರಾಸಿನ ಅವರ ಟೈಲರಿಂಗ್ ಅಂಗಡಿಯಲ್ಲಿ ಅಷ್ಟು ವರ್ಷ ಬ್ಲೌಸ್ ಕತ್ತರಿಸಿದವಳು ಅವಳು. ಅಪಘಾತವಾದದ್ದೇ ತಡ, ಕಟಿಂಗ್ ಟೇಬಲ್ಲು ಸುಮನ್ ಎಂಬ ಹೊಸಬನ ಪಾಲಾಯಿತು, ಅವಳನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿದರು. ಆ ಟೇಬಲ್ಲು ಅವಳಿಗೆ ವಾಪಸ್ಸು ಬೇಕು. ಅಷ್ಟೇ.

ಕನಿಕರ ಎಂದರೆ ಅವಳಿಗೆ ಮೈಯೆಲ್ಲ ಉರಿ. ಹೋದ ಶನಿವಾರ ದೇವಸ್ಥಾನದಲ್ಲಿ ಸೆರಗು ಹೊದ್ದು ತೀರ್ಥಕ್ಕೆ ಎಡಗೈ ಚಾಚಿದ್ದಳು. ಹೊಸ ಅರ್ಚಕರು ಉದ್ಧರಣೆ ಹಿಂದಕ್ಕೆಳೆದುಕೊಂಡರು. “ಬಲಗೈ ಹಿಡೀರಿ, ಅಮ್ಮಾ.”

“ಇವತ್ತಿಗೆ ಇದೇ ಕೈ, ಸ್ವಾಮಿ. ದೇವರೇನಾದ್ರೂ ಬೇಡ ಅಂದ್ರೆ ಆಮೇಲೆ ನೋಡೋಣ, ಹಾಕಿ.”

ಸಾಲಿನಲ್ಲಿದ್ದವರು ಎಂಥ ಕೊಬ್ಬು ಎಂದು ಗೊಣಗಿದರು. ತೀರ್ಥ ಬಿದ್ದ ಮೇಲೆಯೇ ಅವಳು ಕದಲಿದ್ದು.

“ಇನ್ನೊಂದ್ಸಲ, ಮೇಡಂ. ಭುಜ ಬಿಗಿ ಮಾಡ್ಬೇಡಿ, ಬರೀ ಬೆರಳು.”

ಬೆಳಗಿನಿಂದ ಅಂಗೈಯಲ್ಲಿ ನವೆ ಬೇರೆ. ಕೆರೆದುಕೊಳ್ಳುವ ಹಾಗೂ ಇಲ್ಲ. ಅವಳು ಮತ್ತೆ ಮುಷ್ಟಿ ಕಟ್ಟಿದಳು. ಗೆರೆ ಒಂದಿಷ್ಟು ಮಿಸುಕಿ ಸುಮ್ಮನಾಯಿತು.

“ಸಾಕು ಬಿಡಮ್ಮ,” ಎಂದ ರಾಘವ. “ಸುಮನ್ ಚೆನ್ನಾಗೇ ಕಟ್ ಮಾಡ್ತಿದಾನೆ.”

ಚೆನ್ನಾಗಂತೆ! ಕಂಕುಳಲ್ಲಿ ಬಿಗಿ, ಬೆನ್ನಲ್ಲಿ ಸಡಿಲ. ಗೋದಾ ಕಣ್ಣು ಮುಚ್ಚಿ, ಮುಷ್ಟಿಯ ಯೋಚನೆಯನ್ನೇ ಬಿಟ್ಟಳು. ದೊಡ್ಡ ಕತ್ತರಿ. ನಾಲ್ಕು ಪದರ ಲೈನಿಂಗ್ ಬಟ್ಟೆ. ಕಂಕುಳ ತಿರುವು. ಹೆಬ್ಬೆರಳು ಒಳಗೆ, ಉಳಿದ ಬೆರಳು ಬಿಗಿ. ಕಚ್!

“ಬಂತು, ಬಂತು!” ಮಧುಸೂದನ್ ಎದ್ದೇ ನಿಂತ. ಗೆರೆ ಕೆಂಪು ಗುರುತು ದಾಟಿ ಚಿಮ್ಮಿತ್ತು. “ಹಾಗೇ ಇರಿ, ಬಿಡ್ಬೇಡಿ.” ಅವನು ಅವಸರದಲ್ಲಿ ಮೆಷಿನ್ನಿಗೆ ಇನ್ನೊಂದು ತಂತಿ ಸಿಕ್ಕಿಸಿದ.

“ನೋಡ್ಕೋ, ಅಣ್ಣ,” ಎಂದಳು ಗೋದಾ.

ಅವಳಿಂದ ಎರಡು ಮಾರು ದೂರದಲ್ಲಿ, ಮೇಜಿನ ಮೇಲಿಟ್ಟಿದ್ದ ಅವಳ ಹೊಸ ರಬ್ಬರಿನ ಬಲಗೈ ಐದೂ ಬೆರಳು ಮಡಚಿ ಮುಷ್ಟಿ ಕಟ್ಟಿತು.