ಮರಿಗೆಯ ತಳದ ಹರಳು

ಅದು ಹಳ್ಳದ ಮರಳು ತೊಳೆದು ಬಂಗಾರ ತೆಗೆಯುವ ಮನೆತನ. ಹೆಣ್ಣು ನೋಡಲು ಬಂದ ವರನಿಗೆ ಅಲ್ಲಿ ಉಪ್ಪಿಟ್ಟಿಗಿಂತ ಮೊದಲು ಮರಿಗೆ ಎಂಬ ಮರದ ಬೋಗುಣಿಯ ತುಂಬ ಮರಳು ಕೊಟ್ಟು, ತೊಳೆದು ಬಂಗಾರ ತೆಗೆಯಲು ಹೇಳುತ್ತಾರೆ.

ಹುಡುಗ ಹಳ್ಳದಲ್ಲಿ ಕೂತು ನೀರಿನೊಳಗೆ ಮರಿಗೆ ತೂಗಾಡಿಸಿದ. ಹಗುರ ಮರಳು ಹರಿದುಹೋಗಿ, ತಳದ ಕಪ್ಪು ಮರಳಿನಲ್ಲಿ ಕೆಂಪು ಹರಳೊಂದು ಕಂಡಿತು. ಅದನ್ನು ಹೆಕ್ಕುವ ಭರದಲ್ಲಿ ಮರಿಗೆ ವಾಲಿ, ಬಂಗಾರದ ಕಣಗಳು ನೀರುಪಾಲಾದವು.

“ಬಂಗಾರ ಬಿಟ್ಟು ಕಲ್ಲು ಹಿಡದಾನ. ಇವಂಗ ಮಗಳನ್ನ ಹ್ಯಾಂಗ ಕೊಡ್ಲಿ?” ಎಂದ, ದಡದಲ್ಲಿ ಮಗಳ ಜೊತೆ ನಿಂತಿದ್ದ ಅಪ್ಪ.

“ನಿಮ್ಮ ಮಗಳ ಮೂಗುತಿಯೊಳಗ ಹರಳಿಲ್ಲರಿ. ಇದು ಅದರದ್ದ ಇರಬೇಕು,” ಎಂದ ಹುಡುಗ.

ಮಗಳು ಹರಳನ್ನು ಇಸಿದುಕೊಂಡು ಸೆರಗಿನಲ್ಲಿ ಒರೆಸಿದಳು.

“ಇದನ್ನ ಮರಳಿನ್ಯಾಗ ಹಾಕಿದಾಕಿ ನಾನ. ಹಿಂದ ಬಂದ ಮೂರೂ ಮಂದಿ ಕಲ್ಲಂತ ಹಳ್ಳಕ್ಕ ಒಗದ್ರು. ನಾಕನೇ ಸಲ ಹುಡುಕಾಕ ನನಗಾಗಂಗಿಲ್ಲಪ್ಪ, ಇವಂಗ ಕೊಟ್ಟುಬಿಡು.”